ಈಸಿ ಚೇರಿನ ದರ್ಬಾರು

ಕೂರುವುದು ಸುಲಭ, ಏಳುವುದೇ ಕಷ್ಟ ಎಂಬ ಮಾತನ್ನು ನಾವು ವಿಧಾನಸೌಧದ ಕುರ್ಚಿಗಳಿಗೆ ಮೀಸಲಿಟ್ಟಿದ್ದೇವೆ. ನನ್ನನ್ನು ಕೇಳಿದರೆ ಅದಕ್ಕೆ ಮೊದಲ ಹಕ್ಕುದಾರ ಹಳೆಯ ಈಸಿ ಚೇರು. ಬೆನ್ನು ಹಿಂದಕ್ಕೆ ಒರಗಿ, ಮಂಡಿ ಮೇಲಕ್ಕೆದ್ದು, ಸೊಂಟ ಬೆತ್ತದ ಗುಳಿಯೊಳಗೆ ಇಳಿದ ಮೇಲೆ ಮನುಷ್ಯ ತಾನಾಗಿ ಏಳುವ ಸ್ಥಿತಿಯಲ್ಲಿರುವುದಿಲ್ಲ. ಬಾಗಿಲು ತಟ್ಟಿದರೆ ‘ಯಾರು ನೋಡ್ರೋ’ ಅನ್ನಬೇಕು. ಕನ್ನಡಕ ಒಳಗಿದ್ದರೆ ‘ತಗೊಂಡ್ ಬಾ’ ಅನ್ನಬೇಕು. ಅದನ್ನು ಮಾಡಿದ ಬಡಗಿ ಆಜ್ಞೆ ಕೊಡುವ ಭಂಗಿಯನ್ನೇ ಮರದಲ್ಲಿ ಕೂರಿಸಿಬಿಟ್ಟಿದ್ದಾನೆ.

ಇವುಗಳಲ್ಲೂ ಮೇಲುಕೀಳುಂಟು. ಎಲ್ಲರ ಕೈಗೆ ಎಟುಕುತ್ತಿದ್ದದ್ದು ಮಡಚುವ ಚೌಕಟ್ಟಿಗೆ ಪಟ್ಟೆಪಟ್ಟೆ ಕ್ಯಾನ್ವಾಸ್ ಬಟ್ಟೆ ಇಳಿಬಿಟ್ಟ ಕುರ್ಚಿ. ಆ ಬಟ್ಟೆಯನ್ನು ಹಿಡಿದಿಟ್ಟ ಕೋಲನ್ನು ಹಿಂದಿನಿಂದ ಮೆಲ್ಲಗೆ ಎಳೆದಿಟ್ಟು, ಕೂರಲು ಬಂದ ಸೋದರಮಾವ ಧೊಪ್ಪನೆ ನೆಲಕ್ಕಿಳಿಯುವುದನ್ನು ಬಾಗಿಲ ಸಂದಿಯಿಂದ ನೋಡದ ಬಾಲ್ಯ ಬಾಲ್ಯವೇ ಅಲ್ಲ. ಅದರ ಮೇಲಿನದು ತೇಗದ ಚೌಕಟ್ಟಿನ ಬೆತ್ತದ ಕುರ್ಚಿ. ಎಲ್ಲಕ್ಕೂ ಮೇಲೆ ಬೀಟೆಮರದ ಪ್ಲಾಂಟರ್ಸ್ ಚೇರು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಬಂಗಲೆಗಳಲ್ಲಿ ಇದರದೇ ಗತ್ತು. ತೋಳಿನ ಅಡಿಯಿಂದ ಇನ್ನೊಂದು ಹಲಗೆ ಹೊರಳಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ತೋಟ ಸುತ್ತಿ ಬಂದ ದೊರೆ ಎರಡು ಕಾಲನ್ನೂ ಅದರ ಮೇಲೆತ್ತಿಟ್ಟರೆ ಬೂಟು ಬಿಚ್ಚುವುದು ಆಳಿನ ಕೆಲಸ. ಇದೇ ಕುರ್ಚಿ ಬೆಂಗಳೂರಿನ ಮನೆಗಳಿಗೆ ಬಂದಾಗ ಹಲಗೆ ಮಾತ್ರ ಕೆಲಸ ಕಳೆದುಕೊಂಡಿತು. ಬಂದವರ ಮುಖಕ್ಕೆ ಕಾಲು ಚಾಚಿ ಕೂರುವುದನ್ನು ನಮ್ಮ ಅಜ್ಜಿಯರು ಯಾವ ದೊರೆಗೂ ಬಿಟ್ಟುಕೊಡುತ್ತಿರಲಿಲ್ಲ.

ಅದಕ್ಕೆ ಮೊದಲು ನಮ್ಮ ಮನೆಗಳಲ್ಲಿ ಕೂರುವ ಸಾಮಾನು ಇರಲಿಲ್ಲವೆಂದಲ್ಲ. ಊಟಕ್ಕೆ ಮಣೆ, ನೆಂಟರಿಗೆ ಜಮಖಾನ, ಮಧ್ಯಾಹ್ನಕ್ಕೆ ಚಾಪೆ, ಅನುಕೂಲಸ್ಥರಿಗೆ ತೂಗುಮಣೆ. ಇವೆಲ್ಲ ಸುತ್ತಿಡುವ, ಎತ್ತಿಡುವ, ಇಲ್ಲವೇ ಹಂಚಿಕೊಳ್ಳುವ ಆಸನಗಳು. ಜಮಖಾನದ ಮೇಲೆ ಇನ್ನೊಬ್ಬರು ಬಂದರೆ ಒಂದಿಷ್ಟು ಸರಿದರಾಯಿತು. ಈಸಿ ಚೇರಿನಲ್ಲಿ ಸರಿಯಲು ಜಾಗವೇ ಇಲ್ಲ. ಮನೆಯೊಳಗೆ ಒಬ್ಬರಿಗಾಗಿಯೇ ಬಂದು ಠಿಕಾಣಿ ಹೂಡಿದ ಆಸನ ಅದು. ಆ ಒಬ್ಬರು ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ.

1948ರ ಆಗಸ್ಟ್‌ನಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲು ಹಾಕಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಪ್ರಜಾವಾಣಿ’ ಹೊರಬಂತು. ಬಡಾವಣೆಯೂ ಪತ್ರಿಕೆಯೂ ಒಂದೇ ವರ್ಷ ಹುಟ್ಟಿದ್ದು ಆಕಸ್ಮಿಕ. ಎರಡನ್ನೂ ಜೋಡಿಸಿದ್ದು ವರಾಂಡದ ಈಸಿ ಚೇರು. ಕೆಂಪು ಆಕ್ಸೈಡ್ ನೆಲ, ಬಾಗಿಲಿಗೆ ಗ್ರಿಲ್, ಕಾಂಪೌಂಡಿನೊಳಗೊಂದು ತೆಂಗಿನ ಮರ, ಪಿಂಚಣಿಗೆ ಬಂದ ಯಜಮಾನರು. ಅವರು ಪೇಪರಿನ ಮೇಲಂಚಿನಿಂದ ಬೀದಿಯನ್ನೂ ಓದುತ್ತಿದ್ದರು. ಯಾರ ಮನೆಗೆ ಸಿಲಿಂಡರ್ ಬಂತು, ಯಾರ ಮಗ ಎಷ್ಟು ಹೊತ್ತಿಗೆ ಮನೆ ಸೇರಿದ, ಸೊಪ್ಪಿನವಳು ಎದುರುಮನೆಗೆ ಎಷ್ಟಕ್ಕೆ ಕೊಟ್ಟಳು, ಎಲ್ಲದರ ಲೆಕ್ಕ ಆ ಕುರ್ಚಿಯಲ್ಲಿರುತ್ತಿತ್ತು. ಇಂದು ಪ್ರತಿ ಗೇಟಿಗೂ ಕ್ಯಾಮೆರಾ ಬಂದಿದೆ. ಆದರೆ ಕ್ಯಾಮೆರಾ ‘ಏನಪ್ಪಾ, ರಿಸಲ್ಟ್ ಬಂತಾ?’ ಎಂದು ಕೇಳುವುದಿಲ್ಲ.

ಯಜಮಾನರ ಆರಾಮಕ್ಕೆ ಒಳಮನೆ ತೆರುತ್ತಿದ್ದ ಬೆಲೆಯೂ ಚಿಕ್ಕದಲ್ಲ. ಕುರ್ಚಿ ಕಾಫಿ ಕೇಳುತ್ತಿತ್ತು, ಅಡುಗೆಮನೆ ತರುತ್ತಿತ್ತು. ಬೆನ್ನೊರಗುವ ಕಡೆ ತಲೆಯ ಕೊಬ್ಬರಿ ಎಣ್ಣೆ ಅಂಟದಿರಲೆಂದು ಹೆಂಗಸರು ಕ್ರೋಶಾ ಹಾಕಿ ಬಿಳಿಯ ವಸ್ತ್ರ ಹೆಣೆದು ಹೊದಿಸುತ್ತಿದ್ದರು, ಒಗೆಯುತ್ತಿದ್ದರು, ಮತ್ತೆ ಹೊದಿಸುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲೂ ಗಂಡಸರ ಮಕಾಸರ್ ಎಣ್ಣೆಯಿಂದ ಕುರ್ಚಿಗಳನ್ನು ಕಾಪಾಡಲು ಇಂಥದೇ ಬಟ್ಟೆ ಹುಟ್ಟಿತ್ತು. ಎಣ್ಣೆ ಬೇರೆ, ಒಗೆಯುವವರ ಪಾಡು ಒಂದೇ. ವಾರಕ್ಕೊಮ್ಮೆ ಕುರ್ಚಿಯನ್ನು ಬಿಸಿಲಿಗೆ ಎಳೆದು, ಬೆತ್ತದ ತೂತುಗಳಿಗೆ ಕುದಿಯುವ ನೀರೆರೆದು ತಿಗಣೆಗಳನ್ನು ಓಡಿಸುವ ಯುದ್ಧವೂ ಅವರದೇ. ಇಷ್ಟೆಲ್ಲ ಮಾಡಿದವರು ಬಿಡುವಾದಾಗ ಗೋಡೆಗೆ ಒರಗಿ ನೆಲದ ಮೇಲೆ ಕಾಲು ನೀಡಿಕೊಳ್ಳುತ್ತಿದ್ದರು. ಯಜಮಾನರು ಊರಲ್ಲಿಲ್ಲದ ದಿನವೂ ಆ ಕುರ್ಚಿ ಖಾಲಿಯೇ.

ಈ ದರ್ಬಾರನ್ನು ಹೊತ್ತು ನಿಂತದ್ದು ಬರೀ ಬೆತ್ತದ ಸಿಪ್ಪೆ ಎಂಬುದು ಸೋಜಿಗ. ಕಾಡಿನಲ್ಲಿ ಮರ ಹತ್ತಿ ಬೆಳೆಯುವ ಮುಳ್ಳುಬಳ್ಳಿ ಅದು. ತಾಳೆ, ತೆಂಗಿನ ಬಳಗಕ್ಕೆ ಸೇರಿದ್ದು. ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ, ಚೌಕಟ್ಟಿನ ತೂತುಗಳಲ್ಲಿ ಪೋಣಿಸಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕೊನೆಗೆ ಎರಡೂ ಮೂಲೆಗಳಿಂದ ಓರೆಯಾಗಿ ಹೆಣೆಯುತ್ತಾರೆ. ಒಣಗಿದಾಗ ಬಿಗಿದುಕೊಂಡು ಮೃದಂಗದ ಮುಚ್ಚಿಗೆಯಷ್ಟು ಗಟ್ಟಿಯಾಗುತ್ತದೆ. ಅಂಧರ ತರಬೇತಿ ಶಾಲೆಗಳಲ್ಲಿ ಬಹುಕಾಲ ಕಲಿಸುತ್ತಿದ್ದ ಕಸುಬು ಇದು. ಸರ್ಕಾರಿ ಕಚೇರಿಗಳ ಎಷ್ಟೋ ಕುರ್ಚಿಗಳನ್ನು ಕಣ್ಣಿಲ್ಲದವರ ಬೆರಳುಗಳು ಹೆಣೆದಿವೆ. ಅಧಿಕಾರಿಗಳು ಕಡತವನ್ನು ನೋಡಿಯೂ ನೋಡದಂತೆ ಕೂತಿರುತ್ತಿದ್ದದ್ದು ಬಹುಶಃ ಅಂಥ ಕುರ್ಚಿಗಳ ಮೇಲೆಯೇ.

ಈಸಿ ಚೇರಿನ ಪದಚ್ಯುತಿ ಒಂದೇ ದಿನ ಆದದ್ದಲ್ಲ. ಎಂಬತ್ತರ ದಶಕದಲ್ಲಿ ಟೀವಿ ಬಂದು, ಬೀದಿಗೆ ಮುಖ ಮಾಡಿದ್ದ ಕುರ್ಚಿಯನ್ನು ಒಳಕ್ಕೆ ತಿರುಗಿಸಿತು. ಟೀವಿ ಮನೆಮಂದಿಗೆಲ್ಲ ಬೇಕಾದದ್ದರಿಂದ ಸೋಫಾ ಬಂತು. ಬೆತ್ತ ಹರಿದಾಗ ಪ್ಲಾಸ್ಟಿಕ್ ವಯರ್ ಬಂತು, ಅದೂ ಹರಿದಾಗ ಪ್ಲೈವುಡ್ ಹಲಗೆ, ಅದರ ಮೇಲೆ ರೆಕ್ಸಿನ್. ಬೀಟೆಯ ನೇರಳೆಗಪ್ಪು ಬಣ್ಣದ ಮೇಲೆ ಹಬ್ಬಕ್ಕೆಂದು ಎನಾಮಲ್ ಪೇಂಟು ಬಳಿದವರೂ ಉಂಟು. ಕೊನೆಗೆ ಮನೆಯೇ ಬಿಲ್ಡರ್ ಪಾಲಾಗಿ, ವರಾಂಡ ಇದ್ದ ಜಾಗದಲ್ಲಿ ಕಂಬಗಳೆದ್ದು ಕಾರು ನಿಂತಿತು. ಜಯನಗರದ ಅಡ್ಡರಸ್ತೆಗಳಲ್ಲಿ ನಡೆದು ನೋಡಿ: ಒಂದು ಕಾಲಕ್ಕೆ ಯಜಮಾನರು ಒರಗಿದ್ದ ಕಡೆ ಈಗ ಬಂಪರು ಬೀದಿಯನ್ನು ನೋಡುತ್ತಿರುತ್ತದೆ.

ನಮ್ಮ ದೊಡ್ಡಪ್ಪನವರ ಬೀಟೆ ಕುರ್ಚಿ ಬನಶಂಕರಿಯ ನಮ್ಮ ಫ್ಲಾಟಿಗೆ ಬಂದದ್ದು ಅಂಥದೇ ಒಂದು ಮನೆ ಕೆಡವಿದಾಗ. ಲಿಫ್ಟಿನ ಬಾಗಿಲು ಅದರ ತೋಳುಗಳಿಗೆ ಸಾಲದೆ, ಇಬ್ಬರು ಮೆಟ್ಟಿಲ ಮೇಲೆ ಹೊತ್ತು ತಂದರು. ಉಪ್ಪುಕಾಗದ ಹಾಕಿ ಉಜ್ಜಿ, ಅರಗಿನ ಪಾಲಿಶ್ ಕೊಡಿಸಿ, ಬೆತ್ತ ಹೆಣೆಸಿ ಮೂಲೆಯಲ್ಲಿಟ್ಟೆವು. ಬಂದವರೆಲ್ಲ ‘ಆಹಾ’ ಎಂದು ಫೋಟೊ ತೆಗೆದುಕೊಂಡು ಸೋಫಾದಲ್ಲಿ ಕೂರುತ್ತಿದ್ದರು. ಅಧಿಕಾರ ಹೋದ ಮೇಲೆಯೇ ಕುರ್ಚಿಯ ಚೆಂದ ಕಣ್ಣಿಗೆ ಬೀಳುವುದು. ಅರಮನೆಗಳಿಗೆ ನಾವು ಟಿಕೆಟ್ ತೆಗೆದುಕೊಂಡು ಹೋಗುವುದೂ ಇದೇ ಕಾರಣಕ್ಕೆ. ಅದರಲ್ಲಿ ನಿಜವಾಗಿ ಕೂತವರು ಅಮ್ಮ. ಒಂದು ಸಂಜೆ, ‘ಇದರಲ್ಲಿ ನಾನೂ ಒಂದ್ಸಲ ಕೂತ್ಕೊತೀನಿ’ ಅಂದರು, ಯಾರದೋ ಅಪ್ಪಣೆ ಕೇಳುವ ದನಿಯಲ್ಲಿ. ಕೂತು ಐದು ನಿಮಿಷವಾಗಿರಲಿಲ್ಲ, ‘ಲೋ, ಅರ್ಧ ಲೋಟ ಕಾಫಿ ಕೊಡ್ತೀಯೇನೋ’ ಎಂಬ ಕೂಗು ಬಂತು. ತಂದುಕೊಟ್ಟೆ. ಸಕ್ಕರೆ ಜಾಸ್ತಿ ಎಂದು ಲೋಟ ವಾಪಸ್ಸು ಬಂತು.

ಈಗ ಇಂಥ ಕುರ್ಚಿಗಳಿಗೆ ಮತ್ತೆ ಬೇಡಿಕೆ. ಜೆ.ಪಿ. ನಗರದ ಕೆಫೆಗಳ ಮೂಲೆಯಲ್ಲಿ ಅವು ಕಾಣುತ್ತವೆ. ಹೊಸ ಮರಕ್ಕೆ ಹಳೆ ಬಣ್ಣ ಬಳಿದು ‘ಆಂಟಿಕ್’ ಎಂದು ಮಾರುವವರೂ ಇದ್ದಾರೆ. ಕೊಳ್ಳುವವರು ಕುರ್ಚಿಯನ್ನು ಮಗುಚಿ ಅಡಿಭಾಗ ನೋಡಬೇಕು. ಹೊಳಪೆಲ್ಲ ಮೇಲೆಯೇ ಇರುತ್ತದೆ. ಜೋಡಣೆಯಲ್ಲಿ ಮರದ ಬೆಣೆ ಇದೆಯೋ ಹೊಳೆಯುವ ಸ್ಕ್ರೂ ಇದೆಯೋ ಎಂಬ ಸತ್ಯ ಕೆಳಗೆ. ಇನ್ನು ನಮ್ಮ ದೇಶದ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ, ಹಸ್ತಪ್ರತಿಯಂಥವಕ್ಕೆ ಎಪ್ಪತ್ತೈದು ವರ್ಷ ಸಾಕು, ಮಿಕ್ಕ ಕುಶಲ ವಸ್ತುಗಳಿಗೆ ನೂರು ತುಂಬಬೇಕು. ಆ ಲೆಕ್ಕದಲ್ಲಿ ಜಯನಗರದ ಜೊತೆ ಹುಟ್ಟಿದ ಕುರ್ಚಿಗೆ ಪ್ರಾಚ್ಯವಸ್ತುವಿನ ಪದವಿ ಸಿಗುವುದು 2048ಕ್ಕೆ. ಅಲ್ಲಿಯವರೆಗೆ ಅದು ಬರೀ ಕುರ್ಚಿ. ಅದರ ಮೇಲೆ ಹೂಕುಂಡ ಇಡಬೇಡಿ. ಬೆತ್ತ ಸಡಿಲವಾದರೆ ಅಡಿಯಿಂದ ಒದ್ದೆ ಬಟ್ಟೆ ಒತ್ತಿ ನೆರಳಲ್ಲಿ ಒಣಗಿಸಿ, ಬಿಗಿಯುತ್ತದೆ. ಬಾಲ್ಕನಿಗೆ ಎಳೆದು ಬೀದಿಯ ಕಡೆ ತಿರುಗಿಸಿ, ಮನೆಯವರೆಲ್ಲ ಕೂರಿ. ಸರದಿಯ ಮೇಲೆ ಮಾತ್ರ. ಇವತ್ತು ಕೂತವರು ನಾಳೆ ಕಾಫಿ ಸೋಸಬೇಕು.