ಎತ್ತಿಗೆ ಜ್ವರ, ಸರ್ವರಿಗೆ ಬರೆ

ಕಾಲೇಜಿನ ಲ್ಯಾಬಿನಲ್ಲಿರುವ ನಲವತ್ತು ಕಂಪ್ಯೂಟರುಗಳಿಗೆ ಒಂದೊಂದಾಗಿ ಪೆನ್‌ಡ್ರೈವ್ ಹಾಕಿ ಎಲ್ಲವನ್ನೂ ಇನ್‌ಸ್ಟಾಲ್ ಮಾಡುವುದೆಂದರೆ ದಿನಗಟ್ಟಲೆ ಕೆಲಸ. ಲಿನಕ್ಸ್ ಮೇಲೆ ಓಡುವ ಫಾಗ್‌ನಂಥ ಇಮೇಜಿಂಗ್ ಸರ್ವರ್ ಇದ್ದರೆ, ಒಂದು ಯಂತ್ರವನ್ನು ಅಣಿಗೊಳಿಸಿ ಅದರ ಪಡಿಯಚ್ಚನ್ನು ಉಳಿದೆಲ್ಲದರ ಡಿಸ್ಕಿಗೂ ಇಳಿಸಬಹುದು. ಆದರೆ ಅದಕ್ಕೆ ಮೊದಲು ಪ್ರತಿ ಯಂತ್ರವೂ ನೆಟ್‌ವರ್ಕಿನಿಂದ ಬೂಟ್ ಆಗಬೇಕು. ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ಸಂಜೆ ಅದು ಕೈಕೊಟ್ಟರೆ, ಬೆಳಿಗ್ಗೆ ಮಕ್ಕಳು ಕಪ್ಪು ಪರದೆಯ ಮುಂದೆ ಕೂರಬೇಕಾಗುತ್ತದೆ. ಬೈಗುಳವೆಲ್ಲ ಲ್ಯಾಬ್ ಸಹಾಯಕನ ಪಾಲಿಗೆ.

ಆ ಗಾಬರಿಯಲ್ಲಿ ಅವನ ಕೈ ಮೊದಲು ಹೋಗುವುದು ಸರ್ವರಿನ ಮೇಲೆ. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಮಧ್ಯರಾತ್ರಿಯ ಹೊತ್ತಿಗೆ ಸರ್ವರ್ ಹೊಸದಾಗಿರುತ್ತದೆ, ಪರದೆಯ ಮೇಲಿನ ದೋಷ ಮಾತ್ರ ಹಳೆಯದೇ.

ನೆಟ್‌ವರ್ಕ್ ಬೂಟ್ ಸರ್ವರ್ ಒಂದರ ಕೆಲಸವಲ್ಲ. ಅದು ಹಲವರ ನಡುವಿನ ಮಾತುಕತೆ. ಯಂತ್ರದ ನೆಟ್‌ವರ್ಕ್ ಕಾರ್ಡ್ ಮೊದಲು ಇಡೀ ಜಾಲಕ್ಕೆ ಕೇಳುವಂತೆ ಕೂಗುತ್ತದೆ: ನನ್ನ ವಿಳಾಸವೇನು, ಯಾವ ಫೈಲನ್ನು ಎಲ್ಲಿಂದ ತರಲಿ? ಡಿಎಚ್‌ಸಿಪಿ ಉತ್ತರ ಕೊಡಬೇಕು. ಆಮೇಲೆ ಕಾರ್ಡ್ ಟಿಎಫ್‌ಟಿಪಿ ಮೂಲಕ ಆ ಪುಟ್ಟ ಫೈಲನ್ನು ತರುತ್ತದೆ. ಮಾತು ಎಲ್ಲಿ ನಿಂತಿತು ಎಂಬುದನ್ನು ಪರದೆಯೇ ಹೇಳುತ್ತದೆ. ಇ51 ಎಂದರೆ ಕೂಗಿಗೆ ಯಾರೂ ಓಗೊಡಲಿಲ್ಲ. ಇ53 ಎಂದರೆ ವಿಳಾಸ ಸಿಕ್ಕಿತು, ಫೈಲಿನ ಹೆಸರು ಸಿಗಲಿಲ್ಲ. ಯಾರೋ ಲ್ಯಾಬಿಗೆ ತಂದು ಸಿಕ್ಕಿಸಿದ ವೈಫೈ ರೂಟರ್ ಮುಂಚೆಯೇ ಉತ್ತರಿಸಿರಬಹುದು. ಇ32 ಎಂದರೆ ಟಿಎಫ್‌ಟಿಪಿ ಬಾಗಿಲು ತೆರೆಯಲಿಲ್ಲ. ಆ ಸೇವೆ ನಿಂತಿದೆಯೇ, ಫೈರ್‌ವಾಲ್ 69ನೇ ಪೋರ್ಟನ್ನು ತಡೆದಿದೆಯೇ ಎಂದು ಆಗ ನೋಡಬೇಕು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಮತ್ತೊಂದು ಬಗೆ. ಫೈಲ್ ಬರುತ್ತದೆ, ಐಪಿಎಕ್ಸ್‌ಇ ಶುರುವಾಗುತ್ತದೆ, ಆಮೇಲೆ ವಿಳಾಸವೇ ಸಿಗುವುದಿಲ್ಲ. ಈಗಷ್ಟೇ ಸಿಕ್ಕಿತ್ತಲ್ಲ! ಐಪಿಎಕ್ಸ್‌ಇ ವಿಳಾಸವನ್ನು ಮತ್ತೊಮ್ಮೆ ಹೊಸದಾಗಿ ಕೇಳುತ್ತದೆ. ಅಷ್ಟರಲ್ಲಿ ಕಾರ್ಡಿನ ಸಂಪರ್ಕ ಒಂದು ಕ್ಷಣ ಕಡಿದು ಕೂಡಿರುತ್ತದೆ. ಸ್ವಿಚ್ಚಿನಲ್ಲಿ ಹಳೆಯ ಸ್ಪ್ಯಾನಿಂಗ್ ಟ್ರೀ ಇದ್ದರೆ, ಜಾಲದಲ್ಲಿ ಸುತ್ತು ಬೀಳದಂತೆ ಕಾಯುವ ಅದು 15 ಸೆಕೆಂಡು ಆಲಿಸಿ, ಇನ್ನೂ 15 ಸೆಕೆಂಡು ಕಲಿತು, ಆಮೇಲಷ್ಟೇ ದಾರಿ ಬಿಡುತ್ತದೆ. ಅಷ್ಟರೊಳಗೆ ಐಪಿಎಕ್ಸ್‌ಇ ಸೋತು ಕೈಬಿಟ್ಟಿರುತ್ತದೆ. ಪರೀಕ್ಷಿಸಲು ಸುಲಭ ದಾರಿಯಿದೆ: ಯಂತ್ರಕ್ಕೂ ಗೋಡೆಯ ಸಾಕೆಟ್ಟಿಗೂ ನಡುವೆ ಅಗ್ಗದ ಪುಟ್ಟ ಸ್ವಿಚ್ಚೊಂದನ್ನು ಇಡುವುದು. ಆಗ ಬೂಟ್ ಆದರೆ ತಪ್ಪು ಸರ್ವರಿನದಲ್ಲ. ದೊಡ್ಡ ಸ್ವಿಚ್ಚಿನ ಆ ಪೋರ್ಟುಗಳಲ್ಲಿ ಪೋರ್ಟ್‌ಫಾಸ್ಟ್ ಹಾಕಿದರೆ ಸಾಕು.

ಹಳೆಯ ಯಂತ್ರಗಳು ಬೂಟ್ ಆಗಿ ಹೊಸವು ಮಾತ್ರ ಹಟ ಹಿಡಿದರೆ ಕಾರಣ ಬೇರೆ. ಬಯಾಸ್ ಯಂತ್ರ ಉಣ್ಣುವ ಫೈಲ್ ಯುಇಎಫ್‌ಐ ಯಂತ್ರಕ್ಕೆ ಒಗ್ಗುವುದಿಲ್ಲ. ಸರಿಯಾದ ಫೈಲ್ ಕೊಟ್ಟರೂ, ಅದಕ್ಕೆ ನಂಬಿಕೆಯ ಸಹಿ ಇಲ್ಲದಿದ್ದರೆ ಸೆಕ್ಯೂರ್ ಬೂಟ್ ಬಾಗಿಲಲ್ಲೇ ತಡೆಯುತ್ತದೆ.

ಇದಾವುದಕ್ಕೂ ಸರ್ವರನ್ನು ಅಳಿಸಬೇಕಿಲ್ಲ. ಪರದೆಯ ಕೊನೆಯ ಸಾಲನ್ನು ಚೀಟಿಯಲ್ಲಿ ಬರೆದುಕೊಂಡು, ಸರ್ವರಿನಲ್ಲಿ ಟಿಸಿಪಿಡಂಪ್ ಓಡಿಸಿ, ಯಂತ್ರದ ಕೂಗು ಅಲ್ಲಿಯವರೆಗೆ ತಲುಪುತ್ತಿದೆಯೇ ಎಂದು ನೋಡಿದವನು ಹತ್ತು ಗಂಟೆಯ ಹೊತ್ತಿಗೆ ಮನೆಯಲ್ಲಿ ಊಟಕ್ಕೆ ಕೂತಿರುತ್ತಾನೆ. ನೋಡದವನ ಕೈಯಲ್ಲಿ ಬೆಳಗಿನ ಜಾವಕ್ಕೂ ಪೆನ್‌ಡ್ರೈವ್ ಇರುತ್ತದೆ.