ಅರೆಮರ್ಯಾದೆಯ ಉಡುಪು

ಮನುಷ್ಯನ ಮಾನವನ್ನು ಕಾಯುವುದಕ್ಕಾಗಿ ಬಟ್ಟೆಯು ಹುಟ್ಟಿತೆಂದು ಹಿರಿಯರು ಹೇಳುತ್ತಾರೆ. ಆದರೆ ಬಟ್ಟೆಯ ಮಾನವನ್ನು ಮನುಷ್ಯನು ಕಾಯಬೇಕಾದ ಪ್ರಸಂಗವೂ ಒಮ್ಮೊಮ್ಮೆ ಒದಗುವುದುಂಟು. ಅಂಥ ಪ್ರಸಂಗವೊಂದು ಕಳೆದ ಮಾಘಮಾಸದಲ್ಲಿ ನನ್ನ ಪಾಲಿಗೆ ಬಂದಿತು.

ನನ್ನ ತಂಗಿಯ ಮಗಳ ಲಗ್ನವು ವರನ ಊರಾದ ಸೊಲ್ಲಾಪುರದಲ್ಲಿ ನೆರವೇರಿ, ನಾಲ್ಕು ದಿನಗಳ ತರುವಾಯ ಕಲಬುರಗಿಯಲ್ಲಿ ಆರತಕ್ಷತೆಯಿತ್ತು. ಆಮಂತ್ರಣ ಪತ್ರಿಕೆಯ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ಉಡುಪು: ಸೆಮಿ ಫಾರ್ಮಲ್’ ಎಂದು ಅಚ್ಚಾಗಿತ್ತು. ಮೂವತ್ತೆರಡು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ನಾನು ಈ ಮಾತಿಗೆ ತಕ್ಕ ಕನ್ನಡವನ್ನು ಹುಡುಕುತ್ತ ಅರ್ಧ ದಿನ ಕಳೆದೆನು. ‘ಅರೆಮರ್ಯಾದೆಯ ಉಡುಪು’ ಎಂಬುದಕ್ಕಿಂತ ಉತ್ತಮವಾದುದು ಹೊಳೆಯಲಿಲ್ಲ. ಪೂರ್ಣ ಮರ್ಯಾದೆ ಬೇಡ, ಹಾಗೆಂದು ಪೂರ್ಣವಾಗಿ ಬಿಡಲೂ ಕೂಡದು ಎಂಬುದೇ ಅದರ ತಾತ್ಪರ್ಯವಿದ್ದೀತು.

ನಾನಾದರೋ ಕಮಲಾಪುರದ ನಿವಾಸಿ, ನಿವೃತ್ತನಾದಂದಿನಿಂದ ದೋತರದವನು. ಬೆಂಗಳೂರಿನಿಂದ ಬಂದಿದ್ದ ಮಗನು ಊಟದ ಹೊತ್ತಿಗೆ ಮೆಲ್ಲನೆ ಮಾತು ತೆಗೆದನು: “ಅಪ್ಪಾ, ದೋತರಾ ಉಟ್ಟು ಅಷ್ಟು ಮಂದ್ಯಾಗ ಅಡ್ಡಾಡೋದು ನಿಮಗ ತ್ರಾಸ ಆಗ್ತದ. ಪ್ಯಾಂಟು ಹಾಕ್ಕೊಂಡ್ರ ಸಲೀಸು. ನಾ ಒಂದು ಸೂಟು ಕೊಡಸ್ತೀನಿ.”

ತ್ರಾಸವು ನನ್ನದೋ ಅವನದೋ ಎಂದು ನಾನು ಕೇಳಲಿಲ್ಲ. ಹೊಸದಾಗಿ ಮನೆಯ ಸಾಲ ಮಾಡಿದ ಅವನಿಗೆ ಎಂಟು ಸಾವಿರದ ಸೂಟು ಹಗುರವೇನೂ ಆಗಿರಲಿಲ್ಲ. “ಸಾವಿರದ ಇನ್ನೂರು ರೂಪಾಯಿಗಳೊಳಗೆ ದೋತರವನ್ನೇ ಸಂಜೆಗೆ ಸಿಂಗರಿಸುತ್ತೇನೆ, ನೋಡು” ಎಂದು ಪಂಥ ಕಟ್ಟಿದೆನು. ನನ್ನವಳು ಮಜ್ಜಿಗೆ ಬಡಿಸುತ್ತ ನಕ್ಕಳು.

ಮರುದಿನ ನಮ್ಮ ತೀರ್ಥರೂಪರ ಟ್ರಂಕನ್ನು ತೆರೆದೆನು. ಜರಿಯಂಚಿನ ಹತ್ತು ಮೊಳದ ದೋತರವೊಂದು, ಅದಕ್ಕೊಪ್ಪುವ ಶಲ್ಯವೊಂದು, ಮುಚ್ಚುಗೊರಳಿನ ಕರಿಯ ಕೋಟೊಂದು ದೊರೆತವು. ಕೋಟನ್ನು ತೊಟ್ಟು ಕನ್ನಡಿಯ ಮುಂದೆ ನಿಂತರೆ ಅದು ಮೊಳಕಾಲನ್ನು ಮುಟ್ಟುತ್ತಿತ್ತು. ತಂದೆಯವರು ನನಗಿಂತ ಒಂದು ಗೇಣು ಎತ್ತರ. ಕೋಟು ಅಷ್ಟು ಉದ್ದವಾದರೆ ದೋತರದ ಕೆಳಭಾಗ ಮಾತ್ರ ಹೊರಗಿಣುಕಿ ಪಾಯಜಾಮೆಯಂತೆ ಕಾಣುವುದು. ನಿರಿಗೆಗಳ ಇಳಿತ ಕಾಣದಿದ್ದ ಮೇಲೆ ದೋತರ ಉಟ್ಟು ಪ್ರಯೋಜನವೇನು?

ಕಲಬುರಗಿಯ ಕಪಡಾ ಬಜಾರದ ಬಳಿ ನನಗೆ ಪರಿಚಿತನಾದ ಸಿಂಪಿಗನೊಬ್ಬನಿದ್ದಾನೆ. ಅವನು ಕೋಟಿನ ಒಳಮಗ್ಗುಲನ್ನು ತಿರುವಿ, ಕನ್ನಡಕವನ್ನು ಹಣೆಗೇರಿಸಿ, “ಮಾಸ್ತರ್ರೇ, ಇದು ಕೋಟಲ್ರೀ, ಶೇರವಾನಿ ಅದ. ಯಾರೋ ಹಿಂದಕ ಕತ್ತರಿಸ್ಯಾರ” ಎಂದನು. ನನಗೆ ಆಗ ತಿಳಿಯಿತು. ತಂದೆಯವರು ನಿಜಾಮರ ಆಳಿಕೆಯಲ್ಲಿ ಕಚೇರಿಯ ಗುಮಾಸ್ತರಾಗಿದ್ದವರು. ಕಚೇರಿಗೆ ಶೇರವಾನಿ, ಮನೆಗೆ ದೋತರ ಎಂಬುದು ಅವರ ನೇಮವಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ಆ ಆಳಿಕೆ ಮುಗಿದ ಮೇಲೆ, ಹೊಸ ಕೋಟಿಗೆ ಹಣವಿಲ್ಲದೆ, ಹಳೆಯದನ್ನೇ ಕತ್ತರಿಸಿ ದೋತರದ ಮೇಲೆ ತೊಟ್ಟಿರಬೇಕು. ಮಿತವ್ಯಯದಲ್ಲಿ ನಾನು ಕಂಡುಹಿಡಿದೆನೆಂದು ಹಿಗ್ಗಿದ ಉಪಾಯವು ನಮ್ಮ ಮನೆಯಲ್ಲಿ ಎಂದೋ ನಡೆದುಹೋಗಿತ್ತು!

ಸಿಂಪಿಗನು ಕೋಟನ್ನು ತೊಡೆಯ ನಡುವಿನವರೆಗೆ ಮೊಟಕುಗೊಳಿಸಿ, ಹೆಗಲನ್ನು ಬಿಗಿಮಾಡಿ, ಮುನ್ನೂರೈವತ್ತು ರೂಪಾಯಿ ತೆಗೆದುಕೊಂಡನು. ಹಿತ್ತಾಳೆಯ ಆರು ಗುಂಡಿಗಳಿಗೆ ನೂರಿಪ್ಪತ್ತು. ಕೊಲ್ಹಾಪುರಿ ಚಪ್ಪಲಿಗೆ ಆರುನೂರು. ಕೋಟಿನ ಇಸ್ತ್ರಿಗೆ ನಾಲ್ವತ್ತು. ಒಟ್ಟು ಸಾವಿರದ ನೂರ ಹತ್ತು. ಉಳಿದ ತೊಂಬತ್ತರಲ್ಲಿ ಬಸ್ಸಿನ ಖರ್ಚು.

ಆದರೆ ದೋತರಕ್ಕೆ ಕಳೆಯನ್ನು ಕೊಡುವುದು ಹಣವಲ್ಲ, ಗಂಜಿ. ಜೋಳದ ಸೀಮೆಯ ನಮ್ಮ ಮನೆಯಲ್ಲಿ ಅಂದು ನನ್ನ ಸಲುವಾಗಿ ಅನ್ನ ಬಸಿದರು. ಬಟ್ಟೆಯನ್ನು ಹನಿ ನೀಲಿ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದು, ಸೋಸಿ ತೆಳುಮಾಡಿದ ಗಂಜಿಯಲ್ಲಿ ಹಿಂಡಿ, ನೆರಳಿಗೆ ಹರವಬೇಕು. ಗಂಜಿ ದಪ್ಪವಾದರೆ ದೋತರವು ಹಪ್ಪಳದಂತೆ ಸದ್ದುಮಾಡುವುದು. ತೀರ ತೆಳುವಾದರೆ ನಿರಿಗೆಯು ಎರಡೇ ಗಳಿಗೆಯಲ್ಲಿ ಸೋತುಬೀಳುವುದು. ಇನ್ನೂ ಹಸಿಯಿರುವಾಗಲೇ ಇಸ್ತ್ರಿ ಮಾಡಬೇಕು. ಜರಿಯನ್ನು ಮಾತ್ರ ಹಿಮ್ಮೈಯಿಂದ, ಮೇಲೊಂದು ಅರಿವೆಯನ್ನಿಟ್ಟು. ಉಡುವಾಗ ಮುಂದಿನ ನಿರಿಗೆ ನಾಲ್ಕು ಬೆರಳಗಲ, ಹಿಂದಿನ ಕಚ್ಚೆ ಬಿಗಿ, ಅಂಚು ಹಿಮ್ಮಡಿಯ ಗಂಟಿಗೆ ಸರಿಯಾಗಿ. ಹಗಲಿನ ಸಭೆಗೆ ಬಿಳಿಯಂಗಿಯೊಂದೇ ಸಾಕು. ದೀಪದ ಬೆಳಕಿನಲ್ಲಿ ಕರಿಯ ಕೋಟು, ಎಡಹೆಗಲ ಮೇಲೆ ಮಡಿಸಿದ ಶಲ್ಯ ಇವೆರಡೂ ಕೂಡಿದರೆ ಬಿಳುಪಿಗೆ ಗಾಂಭೀರ್ಯ ಬರುವುದು. ಇದಕ್ಕಿಂತ ಹೆಚ್ಚಿನ ರಹಸ್ಯವೇನೂ ಇದರಲ್ಲಿಲ್ಲ.

ಮಗನು ಹಿಂದೊಮ್ಮೆ ತನ್ನ ಸ್ಕಾಟ್ಲೆಂಡಿನ ಮಿತ್ರನೊಬ್ಬನ ಮದುವೆಯ ಚಿತ್ರವನ್ನು ಫೋನಿನಲ್ಲಿ ತೋರಿಸಿದ್ದನು. ವರನು ಮೊಳಕಾಲವರೆಗಿನ ಚೌಕಳಿಯ ‘ಕಿಲ್ಟ್’ ಉಟ್ಟು ನಿಂತಿದ್ದನು. ಅದೂ ಮೊದಲಿಗೆ ನಮ್ಮ ದೋತರದಂತೆ ಹೊಲಿಗೆಯಿಲ್ಲದ ಉದ್ದನೆಯ ಅರಿವೆ. ನಿರಿಗೆ ಹಿಡಿದು ನಡುಪಟ್ಟಿಯಿಂದ ಬಿಗಿಯುತ್ತಿದ್ದರು. ಅದಕ್ಕೆ ಜೇಬಿಲ್ಲವಾದ್ದರಿಂದ ನಮ್ಮ ಅಜ್ಜಂದಿರ ಎಲೆಯಡಿಕೆಯ ಸಂಚಿಯಂತೆ ಮುಂದೊಂದು ಚೀಲ ತೂಗುತ್ತದೆ. ಸಂಜೆಯ ಕೂಟಕ್ಕೆ ಅವರು ಅದರ ಮೇಲೆ ಲೋಹದ ಗುಂಡಿಗಳ ಗಿಡ್ಡ ಕೋಟು ತೊಡುತ್ತಾರೆ. ಕೈ ಬಿಗಿಯಿದ್ದವರು ಹಳೆಯ ಕೋಟಿನ ಅಂಚನ್ನೇ ಕತ್ತರಿಸಿಕೊಳ್ಳುವುದುಂಟು. 1746ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಆ ಗುಡ್ಡಗಾಡಿನ ಉಡುಪನ್ನು ಕಾಯಿದೆಯಿಂದ ನಿಷೇಧಿಸಿತು. 1782ರಲ್ಲಿ ಆ ನಿಷೇಧವು ಹೋಯಿತು. ಇಂದು ಅದೇ ಅವರ ಮದುವೆಯ ಮರ್ಯಾದೆ.

ನಮ್ಮಲ್ಲಿ ನಿಷೇಧಕ್ಕೆ ಪಾರ್ಲಿಮೆಂಟೇ ಬೇಕಿಲ್ಲ, ಬಾಗಿಲು ಕಾಯುವವನೇ ಸಾಕು. ಮದರಾಸಿನ ಕ್ಲಬ್ಬೊಂದರಲ್ಲಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶರೊಬ್ಬರನ್ನು ಪಂಚೆಯ ಕಾರಣದಿಂದ ತಡೆದಾಗ, 2014ರಲ್ಲಿ ತಮಿಳುನಾಡು ಸರಕಾರವು ಅದರ ವಿರುದ್ಧ ಕಾಯಿದೆಯನ್ನೇ ಮಾಡಬೇಕಾಯಿತು. 2024ರ ಜುಲೈಯಲ್ಲಿ ಬೆಂಗಳೂರಿನ ಮಾಲೊಂದರಲ್ಲಿ, ಮಗನೊಡನೆ ಸಿನೆಮಾ ನೋಡಲು ಬಂದ ಮುದಿ ರೈತನೊಬ್ಬನನ್ನು ಪಂಚೆಯುಟ್ಟನೆಂದು ಒಳಗೆ ಬಿಡಲಿಲ್ಲ. ಸರಕಾರವು ಆ ಮಾಲನ್ನು ಏಳು ದಿನ ಮುಚ್ಚಿಸಲು ಮುಂದಾಯಿತು. ಆ ಸುದ್ದಿಯನ್ನು ಓದಿದಾಗ ನಾನೂ ಬಹಳ ಕೋಪಗೊಂಡೆನು. ಕೋಪವು ಇಳಿದ ಮೇಲೆ ನನ್ನ ನೆನಪು 1976ಕ್ಕೆ ಹೋಯಿತು.

ಆಗ ನಾನು ಕಲಬುರಗಿಯ ಕಾಲೇಜೊಂದರಲ್ಲಿ ಓದುತ್ತಿದ್ದೆನು. ಸ್ನೇಹ ಸಮ್ಮೇಳನದ ಸಂಜೆ ನನಗೆ ಪ್ರಬಂಧದ ಬಹುಮಾನವಿತ್ತು. ಹೇಳಿಕಳುಹಿಸದಿದ್ದರೂ ತಂದೆಯವರು ಕಮಲಾಪುರದಿಂದ ಬಂದರು: ಇದೇ ದೋತರ, ಇದೇ ಕೋಟು, ಕೈಯಲ್ಲಿ ನಮ್ಮೂರ ಕೆಂಪು ಬಾಳೆಯ ಚಿಪ್ಪು. ನಾನು ಗೆಳೆಯರ ನಡುವೆ ಅಗಲ ಕಾಲಿನ ಪ್ಯಾಂಟು ತೊಟ್ಟು ನಿಂತಿದ್ದೆನು. ಬಾಗಿಲಿಗೆ ಓಡಿಹೋಗಿ, “ಅಪ್ಪಾ, ಮುಗಿಯೋದು ತಡ ಆಗ್ತದ, ನಿಮಗ ಕಡೀ ಬಸ್ಸು ತಪ್ಪೀತು” ಎಂದೆನು. ಎಂಥ ಅಕ್ಕರೆಯ ಮಾತು! ಅವರು ಒಂದು ಕ್ಷಣ ನನ್ನ ಮುಖವನ್ನು ನೋಡಿ, “ಖರೇನಪಾ, ಬಸ್ಸು ತಪ್ಪಬಾರದು” ಎಂದು ಹಣ್ಣನ್ನು ನನ್ನ ಕೈಗಿತ್ತು ಹೊರಟುಹೋದರು. ಆ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. 1991ರಲ್ಲಿ ಅವರು ತೀರಿಕೊಂಡರು. ಮಗನು ‘ತ್ರಾಸ ಆಗ್ತದ’ ಎಂದಾಗ ನಾನು ಏತಕ್ಕೆ ಸುಮ್ಮನಾದೆನೆಂಬುದು ವಾಚಕರಿಗೆ ಈಗ ತಿಳಿದಿರಬೇಕು. ಆ ಅಕ್ಕರೆಯ ಭಾಷೆ ನನಗೆ ಚೆನ್ನಾಗಿ ಬರುತ್ತಿತ್ತು.

ಆರತಕ್ಷತೆಯ ದಿನ, ಮಹಾಗಾಂವದ ದಾರಿಯ ಧೂಳಿಗೆ ಅಂಜಿ, ದೋತರವನ್ನು ವೃತ್ತಪತ್ರಿಕೆಯಲ್ಲಿ ಸುತ್ತಿ ಒಯ್ದು, ಕಲಬುರಗಿಯಲ್ಲಿ ತಂಗಿಯ ಮನೆಯಲ್ಲಿ ಉಟ್ಟೆನು. ಸಭಾಗೃಹದಲ್ಲಿ ನನ್ನನ್ನು ಯಾರೂ ತಡೆಯಲಿಲ್ಲ. ಯಾರೂ ಬೆರಗಾಗಿ ನೋಡಲೂ ಇಲ್ಲ. ವರನ ತಂದೆಯೊಬ್ಬರು ಮಾತ್ರ ಜರಿಯಂಚನ್ನು ಕಂಡು, ಇಂಥದು ಈಗ ಎಲ್ಲಿ ಸಿಗುತ್ತದೆಂದು ಕೇಳಿದರು. “ಟ್ರಂಕಿನೊಳಗೆ” ಎಂದೆನು.

ವಧೂವರರನ್ನು ಹರಸಲು ವೇದಿಕೆಯ ಮೆಟ್ಟಿಲೇರುವಾಗ ಮುಂದಿನ ನಿರಿಗೆ ಚಪ್ಪಲಿಗೆ ತೊಡರಿತು. ನಾನು ಬಾಗುವ ಮೊದಲೇ, ಸೂಟು ತೊಟ್ಟ ಮಗನು ಎಲ್ಲರೆದುರಿಗೆ ಮೆಟ್ಟಿಲ ಮೇಲೆ ಮೊಳಕಾಲೂರಿ, ಒಂದೊಂದೇ ನಿರಿಗೆಯನ್ನು ಬೆರಳಿನಿಂದ ತೀಡಿ ಸರಿಪಡಿಸಿದನು. ಅನಂತರ ನನ್ನ ಬಲಗೈ ಹಿಡಿದುಕೊಂಡನು. ಚಿತ್ರ ತೆಗೆಸಿಕೊಳ್ಳುವಾಗಲೂ ಬಿಡಲಿಲ್ಲ.

ಊಟ ಮುಗಿಸಿ ಹೊರಬಂದಾಗ ಬಹಳ ಹೊತ್ತಾಗಿತ್ತು. “ಕಡೀ ಬಸ್ಸು ಹೋಗ್ಯಾದೇನೋ” ಎಂದೆನು. “ಹೋಗಲಿ ಬಿಡ್ರಿ ಅಪ್ಪಾ” ಎಂದನು. ಆ ರಾತ್ರಿ ನಾವು ಕಲಬುರಗಿಯಲ್ಲಿಯೇ ಉಳಿದೆವು.