ಅರ್ಪಣೆಯ ಪುಟ

ಪುಸ್ತಕದ ಅರ್ಪಣೆಯ ಪುಟವನ್ನು ನಿಂತು ಓದುವವರು ಕಡಮೆ. ಮುಖಪತ್ರಕ್ಕೂ ಮೊದಲನೆಯ ಅಧ್ಯಾಯಕ್ಕೂ ನಡುವೆ ಅದೊಂದು ಹೊಸಲು. ಒಳಕ್ಕೆ ಹೋಗುವ ಆತುರದಲ್ಲಿ ಯಾರೂ ಹೊಸಲನ್ನು ನೋಡುವುದಿಲ್ಲ. ಆದರೆ ಕೆಲವು ಮನೆಗಳ ಕಥೆ ಹೊಸಲಿನಲ್ಲಿಯೇ ಬರೆದಿರುತ್ತದೆ. 1924ರಲ್ಲಿ ಹೊರಬಂದ ‘ಎ ಪ್ಯಾಸೇಜ್ ಟು ಇಂಡಿಯಾ’ ಎಂಬ ಕಾದಂಬರಿ ಅಂತಹುದು. ಅದನ್ನು ಬರೆದ ಆಂಗ್ಲ ಲೇಖಕ ಇ. ಎಂ. ಫಾರ್ಸ್ಟರನು ಗ್ರಂಥವನ್ನು ಸಯ್ಯದ್ ರಾಸ್ ಮಸೂದನಿಗೂ, ತಮ್ಮಿಬ್ಬರ ಹದಿನೇಳು ವರ್ಷಗಳ ಸ್ನೇಹಕ್ಕೂ ಅರ್ಪಿಸಿದ್ದಾನೆ. ಸ್ನೇಹಕ್ಕೆ ವರ್ಷದ ಲೆಕ್ಕವಿಡುವವರು ಯಾರು? ಹುಟ್ಟಿನಿಂದ ಅನ್ನವುಂಡವನು ತುತ್ತನ್ನು ಎಣಿಸುವುದಿಲ್ಲ. ಹಸಿದು ಬಂದವನು ಎಣಿಸುತ್ತಾನೆ. ಆ ಹದಿನೇಳು ಎಂಬ ಸಂಖ್ಯೆಯ ಹಿಂದೆ ಎರಡು ಬಾಲ್ಯಗಳ ಹಸಿವು ಇದೆ. ಒಂದು ಹೇಳಿಯೂ ಕೈಗೂಡದ ಪ್ರೀತಿ ಇದೆ.

ಫಾರ್ಸ್ಟರನು ಹುಟ್ಟಿದುದು 1879ರ ಜನವರಿ 1ರಂದು. ಎರಡು ವರ್ಷ ತುಂಬುವ ಮೊದಲೇ ತಂದೆ ಕ್ಷಯರೋಗದಿಂದ ತೀರಿಕೊಂಡನು. ತಾಯಿ, ಅಜ್ಜಿ, ತಂದೆಯ ಕಡೆಯ ವೃದ್ಧ ಬಂಧುಗಳು, ಹೀಗೆ ಹೆಂಗಸರ ನಡುವೆ ಮಗು ಬೆಳೆಯಿತು. ಪ್ರೀತಿಗೆ ಕೊರತೆಯಿರಲಿಲ್ಲ, ಆದರೆ ಅದು ಕಂಬಳಿ ಹೊದಿಸಿ ಕಿಟಕಿ ಮುಚ್ಚುವ ಪ್ರೀತಿ. ಮುಂದೆ ಈಸ್ಟ್‌ಬರ್ನ್ ಎಂಬ ಕಡಲತಡಿಯ ಊರಿನ ವಸತಿಶಾಲೆಗೆ ಅವನನ್ನು ಕಳುಹಿಸಿದರು. ಅಲ್ಲಿ, ಸುಮಾರು ಹನ್ನೆರಡರ ವಯಸ್ಸಿನಲ್ಲಿ, ಗುಡ್ಡದ ಮೇಲೆ ಒಂಟಿಯಾಗಿ ತಿರುಗಾಡಲು ಹೋದ ಹುಡುಗನನ್ನು ಅಪರಿಚಿತನೊಬ್ಬನು ಮಾತಿಗೆ ಎಳೆದು ಹೇಯವಾಗಿ ನಡೆದುಕೊಂಡನು. ಹುಡುಗನು ತಾಯಿಗೆ ಕಾಗದ ಬರೆದನು. ತಾಯಿ ಶಾಲೆಯ ಮುಖ್ಯಸ್ಥನಿಗೆ ತಿಳಿಸಿದಳು. ಅಪರಾಧಿಯನ್ನು ಹೇಗೆ ನೋಡಬೇಕೆಂಬುದು ಆ ಹಿರಿಯರಿಗೆ ತಿಳಿದಿದ್ದಿತು, ಮಗುವನ್ನು ಹೇಗೆ ಸಂತೈಸಬೇಕೆಂಬುದು ತಿಳಿದಿರಲಿಲ್ಲ. ಅನಂತರ ಟಾನ್‌ಬ್ರಿಜ್ ಎಂಬಲ್ಲಿನ ಶಾಲೆ. ಅಲ್ಲಿ ಸಹಪಾಠಿಗಳ ಕಾಟ. ಹುಡುಗನು ಕಲಿತ ಪಾಠ ಒಂದೇ: ಮನಸ್ಸಿನಲ್ಲಿರುವುದನ್ನು ಹೊರಗೆ ತೋರಬಾರದು. ಬಿಸಿಹಾಲಿನಿಂದ ಬಾಯಿ ಸುಟ್ಟವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ ಎಂಬ ಗಾದೆಯಿಲ್ಲವೆ?

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಯುಕ್ತ. ಫಾರ್ಸ್ಟರನ ಒಲವು ಸ್ವಭಾವತಃ ಗಂಡಸರ ಕಡೆಗಿದ್ದಿತು. ಬಾಲ್ಯದ ಆ ದುರ್ಘಟನೆಯೇ ಇದಕ್ಕೆ ಕಾರಣವೆಂದು ತರ್ಕಿಸುವವರು ಉಂಟು. ಅದು ತಪ್ಪು. ಒಲವು ಗಾಯದಿಂದ ಹುಟ್ಟುವುದಿಲ್ಲ. ಒಲವನ್ನು ಬಾಯಿಬಿಟ್ಟು ಹೇಳಲಾರದ ಭಯವು ಮಾತ್ರ ಗಾಯದಿಂದ ಹುಟ್ಟಬಲ್ಲದು. ಆ ಭಯಕ್ಕೆ ದೇಶದ ಕಾನೂನೂ ನೀರೆರೆಯಿತು. ಗಂಡಸರೊಳಗಿನ ಇಂತಹ ಸಂಬಂಧಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸುವ ಶಾಸನವು ಇಂಗ್ಲೆಂಡಿನಲ್ಲಿ 1885ರಲ್ಲಿ ಬಂದಿದ್ದಿತು. ಅದರಂತೆ ಆಸ್ಕರ್ ವೈಲ್ಡನು 1895ರಲ್ಲಿ ಸೆರೆಮನೆಗೆ ಹೋದಾಗ ಫಾರ್ಸ್ಟರನಿಗೆ ಹದಿನಾರು ವರ್ಷ. ತನ್ನ ಹೃದಯವನ್ನು ತಾನು ಅರಿಯತೊಡಗುವ ವಯಸ್ಸಿನಲ್ಲಿಯೇ, ಅರಿತುದಕ್ಕೆ ದಂಡವೇನೆಂಬುದನ್ನೂ ಅವನು ಕಂಡನು.

ಮಸೂದನ ಬಾಲ್ಯದ ದುಃಖ ಬೇರೆ ಬಗೆಯದು. ಅವನು ಹುಟ್ಟಿದುದು 1889ರಲ್ಲಿ. ಅಲೀಗಢದ ವಿದ್ಯಾಪೀಠವನ್ನು ಕಟ್ಟಿದ ಸರ್ ಸಯ್ಯದ್ ಅಹಮದ್ ಖಾನರ ಮೊಮ್ಮಗ. ತಂದೆ ಸಯ್ಯದ್ ಮಹಮೂದರು ಅಲಹಾಬಾದಿನ ಹೈಕೋರ್ಟಿನ ನ್ಯಾಯಾಧೀಶರು, ತೀಕ್ಷ್ಣಬುದ್ಧಿಯ ಪಂಡಿತರು. ಆದರೆ ಕುಡಿತವು ಅವರನ್ನು ಹಿಡಿಯಿತು. 1893ರಲ್ಲಿ ಪದವಿಯನ್ನು ಬಿಡಬೇಕಾಯಿತು. ಬರಬರುತ್ತ ಬುದ್ಧಿಯ ಸ್ತಿಮಿತವೂ ತಪ್ಪಿತು. ಕೊನೆಗೆ ವೃದ್ಧರಾದ ಸರ್ ಸಯ್ಯದರೇ ತಾವು ಬಾಳಿದ ಮನೆಯನ್ನು ತೊರೆದು ಮಿತ್ರರೊಬ್ಬರ ಮನೆಯಲ್ಲಿ ಆಶ್ರಯ ಪಡೆದು, 1898ರ ಮಾರ್ಚಿ 27ರಂದು ಅಲ್ಲಿಯೇ ಕಣ್ಣುಮುಚ್ಚಿದರು. ಆಗ ಮಸೂದನಿಗೆ ಒಂಬತ್ತು ವರ್ಷ. ಹೆಸರುವಾಸಿಯಾದ ಮನೆತನವೊಂದು ಒಳಗಿನಿಂದಲೇ ಕುಸಿಯುವುದನ್ನು ಅದರ ಅಂಗಳದಲ್ಲಿ ನಿಂತು ನೋಡಿದ ಮಗು ಅದು. 1903ರಲ್ಲಿ ತಂದೆಯೂ ಹೋದರು. ಅಲೀಗಢದ ಕಾಲೇಜಿನ ಪ್ರಿನ್ಸಿಪಾಲನಾಗಿದ್ದ ಥಿಯೊಡೋರ್ ಮಾರಿಸನ್ನನು ಹುಡುಗನ ಪಾಲಕನಾಗಿ, ಮುಂದೆ ಅವನನ್ನು ಇಂಗ್ಲೆಂಡಿಗೆ ಕರೆತಂದನು.

ಮಾರಿಸನ್ನನ ಕುಟುಂಬವು ನೆಲಸಿದುದು ವೇಬ್ರಿಜ್ ಎಂಬ ಊರಿನಲ್ಲಿ. ಫಾರ್ಸ್ಟರನೂ ತಾಯಿಯೊಡನೆ ಅಲ್ಲಿಯೇ ವಾಸವಾಗಿದ್ದನು. 1906ರಲ್ಲಿ, ಆಕ್ಸ್‌ಫರ್ಡಿಗೆ ಸೇರಲಿದ್ದ ಹದಿನೇಳು ವರ್ಷದ ಮಸೂದನಿಗೆ ಲ್ಯಾಟಿನ್ ಪಾಠ ಹೇಳಲು ಇಪ್ಪತ್ತೇಳು ವರ್ಷದ ಫಾರ್ಸ್ಟರನನ್ನು ಗೊತ್ತುಮಾಡಿದರು. ಶಿಷ್ಯನು ಎತ್ತರದ ಆಳು, ತುಂಬು ಕಂಠ, ಧಾರಾಳದ ನಗೆ. ಗುರುವು ಸಣಕಲು, ಸಂಕೋಚದ ಮುದ್ದೆ. ಲ್ಯಾಟಿನ್ ಬೇಸರವಾದಾಗ ಶಿಷ್ಯನು ಗುರುವನ್ನೇ ಎತ್ತಿ ಹಿಡಿದುಬಿಡುತ್ತಿದ್ದನೆಂದು ಫಾರ್ಸ್ಟರನು ಮುಂದೆ ನಗುತ್ತ ನೆನೆದಿದ್ದಾನೆ. ಪಾಠವು ಮುಂದುವರಿಯಲಿಲ್ಲ, ಸ್ನೇಹವು ಮುಂದುವರಿಯಿತು. ಕಂಬಳಿ ಹೊದಿಸಿ ಮುಚ್ಚಿದ್ದ ಕಿಟಕಿಯನ್ನು ಯಾರೋ ಹೊರಗಿನಿಂದ ತೆರೆದಂತಾಯಿತು.

ಇವರಿಬ್ಬರ ಸ್ವಭಾವಭೇದವನ್ನು ತೋರಿಸುವ ಒಂದು ಪ್ರಸಂಗವು ಫಾರ್ಸ್ಟರನ ‘ಅಬಿಂಜರ್ ಹಾರ್ವೆಸ್ಟ್’ ಎಂಬ 1936ರ ಪ್ರಬಂಧಸಂಗ್ರಹದಲ್ಲಿದೆ. ಭಾರತೀಯ ಮಿತ್ರನೊಬ್ಬನೊಡನೆ ಅವನು ಒಂದು ವಾರ ಯುರೋಪಿನಲ್ಲಿ ವಿಹರಿಸಿದನು. ಬೀಳ್ಕೊಳ್ಳುವಾಗ ಮಿತ್ರನು ಲೋಕವೇ ಮುಳುಗಿದವನಂತೆ ದುಃಖಿಸಿದನು. ಫಾರ್ಸ್ಟರನಾದರೊ ವಾರವು ಸುಖವಾಗಿ ಕಳೆಯಿತೆಂದು ಸಂತೋಷದಿಂದಲೇ ಇದ್ದನು. ಮುಂದೆ ಮತ್ತೆ ಕಂಡಾಗ, ಅಷ್ಟು ಸಣ್ಣ ಅಗಲಿಕೆಗೆ ಅಷ್ಟು ದೊಡ್ಡ ದುಃಖವೇಕೆಂದು ಆಕ್ಷೇಪಿಸಿದನು. ಮಿತ್ರನಿಗೆ ಸಿಟ್ಟು ಬಂದಿತು. ಭಾವನೆಗಳೇನು ತೂಕ ಹಾಕಿ ಕೊಡುವ ಆಲೂಗಡ್ಡೆಯೆ ಎಂಬುದು ಅವನ ಪ್ರಶ್ನೆಯ ಸಾರ. ಆ ಮಿತ್ರನು ಮಸೂದನೇ ಎಂದು ಫಾರ್ಸ್ಟರನ ಜೀವನವನ್ನು ಬಲ್ಲವರು ಗುರುತಿಸಿದ್ದಾರೆ.

ನಮ್ಮ ನುಡಿಯಲ್ಲಿ ‘ಅಳೆದು ಸುರಿದು’ ಎಂಬ ಜೋಡಿಮಾತಿದೆ. ಈ ಸ್ನೇಹದಲ್ಲಿ ಒಬ್ಬನು ಅಳೆಯುವವನು, ಇನ್ನೊಬ್ಬನು ಸುರಿಯುವವನು. ಅದು ಪೂರ್ವಕ್ಕೂ ಪಶ್ಚಿಮಕ್ಕೂ ಇರುವ ಭೇದವೆಂದು ಫಾರ್ಸ್ಟರನು ವಿವರಿಸಿದ್ದಾನೆ. ಇರಬಹುದು. ಆದರೆ ಎರಡು ಬಾಲ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ತೋರಿಸಿದರೆ ಕೇಡು ಎಂದು ಕಲಿತ ಹುಡುಗನು ಬೆಳೆದು ಅಳೆಯುವವನಾದನು. ನಾಳೆ ಮನೆಯೇ ಇರದೆಹೋಗಬಹುದೆಂದು ಕಂಡ ಹುಡುಗನು ಬೆಳೆದು, ಇರುವುದನ್ನೆಲ್ಲ ಇಂದೇ ಸುರಿಯುವವನಾದನು. ಗಾಯವು ಒಂದೇ ಜಾತಿಯದಾದರೂ ಅದು ಒಬ್ಬನಲ್ಲಿ ಜಿಪುಣತನವಾಗುತ್ತದೆ, ಇನ್ನೊಬ್ಬನಲ್ಲಿ ದುಂದುಗಾರಿಕೆಯಾಗುತ್ತದೆ.

ಕಷ್ಟವು ಇಲ್ಲಿಂದಲೇ ಹುಟ್ಟಿತು. ಮಸೂದನ ಕಾಗದಗಳಲ್ಲಿ ಒಲುಮೆಯ ಮಾತುಗಳು ಉಕ್ಕಿ ಹರಿಯುತ್ತಿದ್ದುವು; ಉರ್ದು ಕಾವ್ಯದ ಗಾಳಿಯಲ್ಲಿ ಬೆಳೆದವನಿಗೆ ಅದು ಗೆಳೆತನದ ಸಹಜ ಭಾಷೆ. ಒಂದೊಂದು ಮಾತನ್ನೂ ತೂಗಿ ಓದುವ ಫಾರ್ಸ್ಟರನಿಗೆ ಅದು ಬೇರೊಂದು ಭಾಷೆಯಾಗಿ ಕೇಳಿಸಿತು. ನಾಲ್ಕು ವರ್ಷ ಮನಸ್ಸಿನಲ್ಲಿಟ್ಟುಕೊಂಡು, 1910ರ ಕೊನೆಯ ದಿನಗಳಲ್ಲಿ, ಜೀವಮಾನದ ಧೈರ್ಯವನ್ನೆಲ್ಲ ಕೂಡಿಸಿ, ಅವನು ತನ್ನ ಪ್ರೇಮವನ್ನು ಬಾಯಿಬಿಟ್ಟು ಹೇಳಿದನು. ಆಗ ಮಸೂದನಿಗೆ ಇಪ್ಪತ್ತೊಂದು ವರ್ಷ. ತನಗೆ ಅದು ತಿಳಿದಿದೆಯೆಂದಷ್ಟೇ ಅವನು ಉತ್ತರ ಕೊಟ್ಟನು. ಕೋಪಿಸಲಿಲ್ಲ, ಹಳಿಯಲಿಲ್ಲ, ದೂರ ಸರಿಯಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ. ಅವನ ಒಲವು ಆ ಕಡೆಯದಲ್ಲ. ಕೇಳಿದವನಿಗೆ ಬೇಕಾಗಿದ್ದುದು ದೊರೆಯಲಿಲ್ಲ; ಆದರೆ ಬಾಲ್ಯದಿಂದ ಅವನು ಅಂಜಿದ್ದ ಶಿಕ್ಷೆಯೂ ದೊರೆಯಲಿಲ್ಲ. ಗುಟ್ಟನ್ನು ಹೇಳಿದ ಮರುದಿನವೂ ಗೆಳೆಯನು ಗೆಳೆಯನಾಗಿಯೇ ಉಳಿದನು. ಇದು ಅಲ್ಪವೆಂದು ಹೇಳಬಲ್ಲವರು ಅಂತಹ ಗುಟ್ಟನ್ನು ಹೊತ್ತವರಲ್ಲ.

1912ರಲ್ಲಿ ಮಸೂದನು ಭಾರತಕ್ಕೆ ಹಿಂದಿರುಗಿದನು. ಅದೇ ವರ್ಷದ ಅಕ್ಟೋಬರಿನಲ್ಲಿ ಫಾರ್ಸ್ಟರನೂ ಹಡಗು ಹತ್ತಿ, ಮೊದಲು ಅಲೀಗಢದಲ್ಲಿ ಗೆಳೆಯನನ್ನು ಕಂಡನು. ಮರುವರ್ಷದ ಜನವರಿಯಲ್ಲಿ, ಮಸೂದನು ವಕೀಲಿ ಮಾಡುತ್ತಿದ್ದ ಬಂಕೀಪುರಕ್ಕೆ ಹೋದನು. ಪಾಟಣಾದ ಬಳಿಯ ಆ ಊರಿನಲ್ಲಿ ಕೆಲವು ದಿನ ಒಟ್ಟಿಗಿದ್ದು, ಅಗಲುವ ರಾತ್ರಿ ಬಂದಾಗ, ಅಳೆಯುವವನ ಅಳತೆ ತಪ್ಪಿತು. ಆ ರಾತ್ರಿಯ ದಿನಚರಿಯಲ್ಲಿ ಅವನು ಬರೆದುದು ದುಃಖದ ಕೆಲವೇ ತುಂಡುಮಾತುಗಳು. ಅಲ್ಲಿಂದ ಅವನು ಹೋದುದು ಗಯೆಯ ಉತ್ತರಕ್ಕಿರುವ ಬರಾಬರ್ ಗುಡ್ಡಗಳಿಗೆ. ಅಶೋಕನ ಕಾಲದಲ್ಲಿ ಆಜೀವಕ ಸಂನ್ಯಾಸಿಗಳಿಗೆ ದಾನವಾಗಿ ಕೊರೆದ ಗುಹೆಗಳು ಅವು. ಒಳಗೆ ವಿಗ್ರಹವಿಲ್ಲ, ಚಿತ್ರವಿಲ್ಲ. ಕನ್ನಡಿಯಂತೆ ನುಣುಪಾದ ಬರಿಯ ಕಲ್ಲು, ಮತ್ತು ಕೂಗಿದರೆ ಕೂಗನ್ನೇ ಹಿಂದಿರುಗಿಸುವ ಕತ್ತಲು. ಕೂಗಿಗೆ ಕೂಗೇ ಉತ್ತರವಾಗುವ ಆ ಸ್ಥಳವು, ಹೆಸರನ್ನು ಸ್ವಲ್ಪ ಮಾರ್ಪಡಿಸಿಕೊಂಡು, ಕಾದಂಬರಿಯ ನಡುಮನೆಯಾಯಿತು.

ಸ್ವದೇಶಕ್ಕೆ ಮರಳಿದ ವರ್ಷವೇ ಫಾರ್ಸ್ಟರನು ಮತ್ತೊಂದು ಮನೆಗೆ ಅತಿಥಿಯಾಗಿ ಹೋದನು. ಮಿಲ್‌ಥಾರ್ಪ್ ಎಂಬ ಹಳ್ಳಿಯಲ್ಲಿ ಎಡ್ವರ್ಡ್ ಕಾರ್ಪೆಂಟರ್ ಎಂಬ ಲೇಖಕನೂ ಕಾರ್ಮಿಕರ ಕೇರಿಯಲ್ಲಿ ಬೆಳೆದ ಜಾರ್ಜ್ ಮೆರಿಲನೂ ಸಂಗಾತಿಗಳಾಗಿ ಬಹಿರಂಗವಾಗಿಯೇ ಸಂಸಾರ ಹೂಡಿದ್ದರು. ಅದನ್ನು ಕಂಡು ಬಂದವನು ‘ಮಾರಿಸ್’ ಎಂಬ ಕಾದಂಬರಿಯನ್ನು ಆರಂಭಿಸಿದನು. ಇಬ್ಬರು ಗಂಡಸರ ಪ್ರೇಮವು ಅದರ ವಸ್ತು. ಇಂತಹ ಕಥೆಗಳು ಸಾವಿನಲ್ಲಿಯೋ ಸೆರೆಮನೆಯಲ್ಲಿಯೋ ಮುಗಿಯಬೇಕೆಂಬ ಲೋಕದ ನಿರೀಕ್ಷೆಯನ್ನು ಅವನು ಒಪ್ಪಲಿಲ್ಲ. ಕಥೆ ಸುಖಾಂತವಾಗಲೇಬೇಕೆಂದು ಹಟ ಹಿಡಿದನು. ತನಗೆ ಕೈಗೂಡದುದನ್ನು ಕಾಗದದ ಮೇಲಾದರೂ ಕೈಗೂಡಿಸಿದನು. ಆದರೆ ಸುಖಾಂತವಾದುದರಿಂದಲೇ ಅದನ್ನು ಅಚ್ಚುಹಾಕುವಂತಿರಲಿಲ್ಲ. ಹಸ್ತಪ್ರತಿಯು ಐವತ್ತಕ್ಕೂ ಹೆಚ್ಚು ವರ್ಷ ಪೆಟ್ಟಿಗೆಯಲ್ಲಿಯೇ ಉಳಿಯಿತು.

ಮಸೂದನು ಮದುವೆಯಾದನು, ವಕೀಲಿಯನ್ನು ಬಿಟ್ಟು 1916ರಲ್ಲಿ ಹೈದರಾಬಾದಿನ ನಿಜಾಮ ಸಂಸ್ಥಾನದ ವಿದ್ಯಾ ಇಲಾಖೆಯ ಡೈರೆಕ್ಟರನಾದನು. ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳ ಶಾಲೆಗಳೂ ಆಗ ಆ ಇಲಾಖೆಗೆ ಸೇರಿದ್ದುವು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಆರಂಭದ ಕಾರ್ಯದಲ್ಲಿ ಅವನ ಕೈ ದೊಡ್ಡದು. 1921ರಲ್ಲಿ ದೇವಾಸದ ಮಹಾರಾಜರ ಆಪ್ತಕಾರ್ಯದರ್ಶಿಯಾಗಿ ಎರಡನೆಯ ಸಲ ಭಾರತಕ್ಕೆ ಬಂದ ಫಾರ್ಸ್ಟರನು, ಆ ಕೆಲಸ ಮುಗಿದ ಮೇಲೆ ಹೈದರಾಬಾದಿಗೆ ಹೋಗಿ ಗೆಳೆಯನ ಮನೆಯಲ್ಲಿ ತಂಗಿದ್ದನು. 1913ರಲ್ಲಿ ತೊಡಗಿ ನಡುವೆ ನಿಂತುಹೋಗಿದ್ದ ಭಾರತದ ಕಾದಂಬರಿಯು ಆಮೇಲೆ ಪೂರ್ಣವಾಯಿತು. ಅದರ ಕೊನೆಯಲ್ಲಿ ಇಬ್ಬರು ಮಿತ್ರರು, ಒಬ್ಬ ಭಾರತೀಯ, ಒಬ್ಬ ಆಂಗ್ಲೇಯ, ಕುದುರೆಯ ಮೇಲೆ ಹೋಗುತ್ತ ಒಂದಾಗಲು ಹಂಬಲಿಸುತ್ತಾರೆ. ನೆಲವೂ ಮುಗಿಲೂ ಆ ಕಾಲಕ್ಕೆ ಒಪ್ಪುವುದಿಲ್ಲ. ಅದನ್ನು ರಾಜಕೀಯದ ಮಾತೆಂದು ಓದುವುದು ವಾಡಿಕೆ, ಸರಿಯೂ ಹೌದು. ಅರ್ಪಣೆಯ ಪುಟವನ್ನು ಓದಿ ಮುಂದುವರಿದವರಿಗೆ ಅಲ್ಲಿ ಇನ್ನೊಂದು ಧ್ವನಿಯೂ ಕೇಳಿಸುತ್ತದೆ.

ಫಾರ್ಸ್ಟರನಿಗೆ ಮುಂದೆ ಬೇರೆ ಸಂಗಾತಿಗಳು ದೊರೆತರು, ಬಾಳು ಬರಡಾಗಲಿಲ್ಲ. ಮಸೂದನು ಅಲೀಗಢ ವಿಶ್ವವಿದ್ಯಾಲಯದ ಉಪಕುಲಪತಿಯಾಗಿ, ಕೊನೆಗೆ ಭೋಪಾಲದಲ್ಲಿ ಕೆಲಸ ಮಾಡುತ್ತಿದ್ದಾಗ, 1937ರ ಜುಲೈಯಲ್ಲಿ, ನಾಲ್ವತ್ತೆಂಟರ ವಯಸ್ಸಿನಲ್ಲಿ ತೀರಿಕೊಂಡನು. ಸ್ಮಾರಕ ಲೇಖನದಲ್ಲಿ ಫಾರ್ಸ್ಟರನು, ತನ್ನನ್ನು ಇಕ್ಕಟ್ಟಾದ ಬದುಕಿನಿಂದ ಎಚ್ಚರಿಸಿ ಹೊಸ ದಿಗಂತಗಳನ್ನು ತೋರಿಸಿದವನು ಈತನೆಂದು ಮನಸಾರೆ ಒಪ್ಪಿಕೊಂಡನು. 1945ರಲ್ಲಿ ಮೂರನೆಯ ಸಲ ಭಾರತಕ್ಕೆ ಬಂದಾಗ ಎದುರುಗೊಳ್ಳಲು ಆ ಎತ್ತರದ ಆಳು ಇರಲಿಲ್ಲ.

ಇಂಗ್ಲೆಂಡಿನ ಕಾನೂನು 1967ರಲ್ಲಿ ಸಡಿಲವಾಯಿತು. ಆಗ ಫಾರ್ಸ್ಟರನಿಗೆ ಎಂಬತ್ತೆಂಟು ವರ್ಷ. ಅವನು 1970ರ ಜೂನ್ 7ರಂದು ತೀರಿಕೊಂಡ ಮೇಲೆ, 1971ರಲ್ಲಿ ‘ಮಾರಿಸ್’ ಬೆಳಕು ಕಂಡಿತು. ಭಾರತದಲ್ಲಿ 1860ರ ದಂಡಸಂಹಿತೆಯ 377ನೆಯ ವಿಧಿಯು ಇಂತಹ ಪ್ರೇಮವನ್ನು ಅಪರಾಧವೆಂದು ಎಣಿಸುತ್ತಿದ್ದಿತು. ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧಕ್ಕೆ ಅದು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು ಸಾರಿದುದು 2018ರ ಸಪ್ಟೆಂಬರ್ 6ರಂದು.

ಕಾನೂನು ತೆರೆದುದು ಬಾಗಿಲನ್ನು. ಮನೆಯೊಳಗಿನ ಮಾತು ಮನೆಯವರದೇ. ಇಂದಿಗೂ ಎಷ್ಟೋ ಸುಶಿಕ್ಷಿತ ಗೃಹಗಳಲ್ಲಿ ಒಂದು ಮಗು ಹೇಳಲಾರದುದನ್ನು ನುಂಗಿಕೊಂಡು ಊಟಕ್ಕೆ ಕುಳಿತಿರುತ್ತದೆ. ತನಗೆ ಯಾರೋ ಮಾಡಿದ ಕೇಡನ್ನು ನುಂಗಿರಬಹುದು. ಬೆಳೆದ ಮೇಲೆ, ತನ್ನಲ್ಲಿ ಹುಟ್ಟಿದ ಒಲವನ್ನು ನುಂಗಿರಬಹುದು. ಇವೆರಡೂ ಬೇರೆ ಬೇರೆ. ಒಂದು ಗಾಯ, ಒಂದು ಜೀವ. ಆದರೆ ಎರಡಕ್ಕೂ ಬೇಕಾದುದು, ಹೇಳಿದ ಮರುದಿನವೂ ಹಿಂದಿನ ದಿನದಂತೆಯೇ ಮುಖ ನೋಡುವ ಒಬ್ಬರು. ಮಸೂದನು ಕೇಳಿದುದನ್ನು ಕೊಡಲಾರದೆ ಹೋದನು, ಇದನ್ನು ಕೊಟ್ಟನು. ಅಳೆಯುವುದನ್ನು ಬಿಡಲಾರದ ಫಾರ್ಸ್ಟರನು ಅದನ್ನೂ ಅಳೆದನು. ಹದಿನೇಳು ವರ್ಷವೆಂದು ಎಣಿಸಿ, ತನ್ನ ಅತ್ಯುತ್ತಮ ಗ್ರಂಥದ ಹೊಸಲಿನ ಮೇಲೆ ಸುರಿದುಬಿಟ್ಟನು.